ಡಿವಿಡಿ ಕಾಯಬಲ್ಲದು, ಆ ಕ್ಯಾಸೆಟ್ ಕಾಯಲಾರದು

ಹುಬ್ಬಳ್ಳಿಯ ವಿದ್ಯಾನಗರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಮಗ 43 ಇಂಚಿನ ಫೋರ್‌ಕೆ ಟಿವಿ ತಂದ ಮೇಲೆ ನಮ್ಮ ಡಿವಿಡಿಗಳೆಲ್ಲ ಮಸುಕಾಗಿ ಕಾಣುತ್ತಿವೆ. ಬ್ಲೂ-ರೇ ಕೊಳ್ಳಬೇಕೇ, ನೇರವಾಗಿ ಫೋರ್‌ಕೆ ಬ್ಲೂ-ರೇಗೇ ಹೋಗಬೇಕೇ? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನಮ್ಮ ತಂದೆಯವರು ಹಾಡಿದ್ದರ ವಿಎಚ್‌ಎಸ್ ಕ್ಯಾಸೆಟ್ ಒಂದಿದೆ. ಅದನ್ನೂ ಹೊಸ ಡಿಸ್ಕಿಗೆ ಏರಿಸಬಹುದೇ?"

ಸಂಪಾದಕರ ಉತ್ತರ:

ಮಾನ್ಯರೇ, ನೀವು ಕೊನೆಯಲ್ಲಿ ಕೇಳಿದ್ದೇ ಮೊದಲು ಆಗಬೇಕಾದ ಕೆಲಸ. ಆದರೂ ಡಿವಿಡಿಯ ಮಾತನ್ನು ಮುಗಿಸಿಬಿಡುತ್ತೇನೆ.

ಡಿವಿಡಿ ಮಸುಕಾಗಿರುವುದು ನಿಮ್ಮ ಕಣ್ಣಿನ ದೋಷವಲ್ಲ. ಅದರ ಒಂದು ಚಿತ್ರದಲ್ಲಿ ಇರುವುದು ಸುಮಾರು 4 ಲಕ್ಷ ಚುಕ್ಕೆಗಳು. ಹೊಸ ಟಿವಿಯ ಪರದೆಯಲ್ಲಿ ಸುಮಾರು 83 ಲಕ್ಷ. ಉಳಿದವನ್ನು ಟಿವಿ ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹಣ ತೆಗೆಯುವ ಮೊದಲು ಪ್ಲೇಯರಿನ ಹಿಂಬದಿ ನೋಡಿ. ಹಳದಿ ತಲೆಯ ವೈರಿನಲ್ಲಿ ಜೋಡಿಸಿದ್ದರೆ, ಎಚ್‌ಡಿಎಂಐ ಕಿಂಡಿ (ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ಸಾಗಿಸುವಂಥದ್ದು) ಇದ್ದಲ್ಲಿ ಅದಕ್ಕೆ ಬದಲಿಸಿ. ಟಿವಿಯ ಶಾರ್ಪ್‌ನೆಸ್ ತಗ್ಗಿಸಿ. ಮುಖಗಳು ಅಡ್ಡಡ್ಡ ಹಿಗ್ಗಿದ್ದರೆ ಚಿತ್ರದ ಅಳತೆಯನ್ನು 4:3ಕ್ಕೆ ತನ್ನಿ. ಇದಕ್ಕೆ ಹೆಚ್ಚೆಂದರೆ ಒಂದು ವೈರಿನ ಖರ್ಚು.

ಬ್ಲೂ-ರೇ ಎಂಬುದು ಡಿವಿಡಿಯಂತೆಯೇ ಕಾಣುವ, ಹೆಚ್ಚು ವಿವರ ಹಿಡಿಯುವ ಡಿಸ್ಕು; 2006ರಲ್ಲಿ ಬಂತು. ಅದರ ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಎಂಟು ಅಡಿ ದೂರದ ಸೋಫಾದಿಂದಲೂ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 2016ರಲ್ಲಿ ಬಂದ ಫೋರ್‌ಕೆ ಡಿಸ್ಕಿನ ಹೆಚ್ಚುವರಿ ವಿವರ ಮಾತ್ರ 43 ಇಂಚಿನಲ್ಲಿ ಅಷ್ಟು ದೂರಕ್ಕೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಬಣ್ಣ ಮತ್ತು ಬೆಳಕಿನಲ್ಲಿ ಲಾಭವುಂಟು, ಅದೂ ಟಿವಿಯಲ್ಲಿ ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚು ಚೆನ್ನಾಗಿ ತೋರಿಸುವ ಒಳ್ಳೆಯ ಎಚ್‌ಡಿಆರ್ ಇದ್ದರೆ. ಅದಕ್ಕಾಗಿ ಅಷ್ಟು ಹಣ ಸುರಿಯಬೇಡಿ ಎಂದೇ ಹೇಳುತ್ತೇನೆ. ಕನ್ನಡ ಚಿತ್ರಗಳು ಬ್ಲೂ-ರೇಯಲ್ಲಿ ಸಿಗುವುದೇ ಅಪರೂಪ. ನಿಮ್ಮ ಕಪಾಟಿನ ಡಿವಿಡಿಗಳಂತೂ ಬ್ಲೂ-ರೇ ಪ್ಲೇಯರಿನಲ್ಲೂ ಓಡುತ್ತವೆ.

ಈಗ ಕ್ಯಾಸೆಟ್. ಅಂಗಡಿಯಲ್ಲಿ ಸಿಗುವ ಸಿನಿಮಾ ನಾಳೆಯೂ ಸಿಕ್ಕೀತು. ನಿಮ್ಮ ತಂದೆಯವರ ಗಾಯನ ಇರುವುದು ಆ ಒಂದು ಟೇಪಿನಲ್ಲಿ ಮಾತ್ರ. ಆಯಸ್ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ವರ್ಷ ಕಳೆದಂತೆ ಸಡಿಲವಾಗುತ್ತದೆ. ಅದನ್ನು ಓಡಿಸುವ ಯಂತ್ರವಾದ ವಿಸಿಆರ್‌ನ ತಯಾರಿಕೆಯೂ 2016ರಲ್ಲೇ ನಿಂತಿದೆ. ಉಳಿದಿರುವ ಯಂತ್ರಗಳ ರಬ್ಬರ್ ಉರುಳೆಗಳು ಗಟ್ಟಿಯಾಗುತ್ತಿವೆ.

ಕ್ಯಾಸೆಟ್ಟಿನ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಹುಡಿಯಂಥದ್ದು ಕಂಡರೆ ಅದು ಬೂಷ್ಟು. ನಮ್ಮ ಧಾರವಾಡದ ಮಳೆಗಾಲದಲ್ಲಿ ಮುಚ್ಚಿಟ್ಟ ಕ್ಯಾಸೆಟ್ಟಿಗೆ ಅದು ಸುಲಭವಾಗಿ ಹತ್ತುತ್ತದೆ. ಅಂಥ ಟೇಪನ್ನು ಯಾವ ಕಾರಣಕ್ಕೂ ಮನೆಯ ವಿಸಿಆರಿಗೆ ಹಾಕಬೇಡಿ. ಟೇಪು ಹರಿಯಬಹುದು, ಬೂಷ್ಟು ಯಂತ್ರದ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಸ್ಟುಡಿಯೊಗಳಲ್ಲಿ ವಿಚಾರಿಸಿ, ಮೊದಲು ಟೇಪನ್ನು ಶುಚಿಮಾಡುತ್ತಾರೆಯೇ ಎಂದು ಕೇಳಿ. "ಫೋರ್‌ಕೆಗೆ ಏರಿಸಿಕೊಡುತ್ತೇವೆ" ಎಂದರೆ ಬೇಡವೆನ್ನಿ. ಟೇಪಿನಲ್ಲಿ ಇಲ್ಲದ ವಿವರ ಎಲ್ಲಿಂದಲೂ ಬರದು. ಇಂಥ ಟೇಪಿಗೆ ರೂಢಿಯಲ್ಲಿರುವ ಅಳತೆಯಲ್ಲೇ, ಅಂದರೆ 720×576 ಚುಕ್ಕೆಗಳಲ್ಲಿ, ಆದಷ್ಟು ಕಡಿಮೆ ಕುಗ್ಗಿಸಿದ ಫೈಲು ಕೇಳಿ. ಧ್ವನಿಯ ಬಗ್ಗೆ ಇನ್ನೂ ಬಿಗಿಯಾಗಿರಿ: ತಂಬೂರಿಯ ಶ್ರುತಿಯನ್ನು ಗದ್ದಲವೆಂದು ತಿಳಿದು ಒರೆಸಿಹಾಕುವ ಸಾಫ್ಟ್‌ವೇರ್‌ಗಳಿವೆ. ಸ್ವಚ್ಛಗೊಳಿಸದ ಒಂದು ಪ್ರತಿಯನ್ನು ಬೇರೆಯಾಗಿಯೇ ಪಡೆಯಿರಿ. ಫೈಲನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಕ್ಯಾಸೆಟ್ಟನ್ನು ಎಸೆಯಬೇಡಿ.

ಇದೆಲ್ಲ ಆದ ಮೇಲೆ ಹಣ ಉಳಿದರೆ ಸಾಧಾರಣ ಬ್ಲೂ-ರೇ ಪ್ಲೇಯರ್ ಕೊಳ್ಳಿ. ಮನೆಯಲ್ಲಿ ಹಳೆಯ ವಿಸಿಡಿಗಳೂ ಇದ್ದರೆ ಒಂದನ್ನು ಜೊತೆಗೆ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿ. ಎಲ್ಲ ಪ್ಲೇಯರ್‌ಗಳೂ ಅವನ್ನು ಓದುವುದಿಲ್ಲ.