ಶೂ ಆಮೇಲೆ, ಭಾನುವಾರ ಎಷ್ಟು ವೇಗವಾಗಿ ಓಡುತ್ತಿದ್ದೀರಿ?

ನಿಮ್ಮ ಹಾಫ್ ಮ್ಯಾರಥಾನ್ (ಸುಮಾರು 21 ಕಿಲೋಮೀಟರ್) ಸಮಯ 2 ಗಂಟೆ 5 ನಿಮಿಷ. ನಾಲ್ಕು ತಿಂಗಳಲ್ಲಿ ಮುಂಬೈಯಲ್ಲಿ ಮೊದಲ ಫುಲ್ ಮ್ಯಾರಥಾನ್. ಅದನ್ನು 4 ಗಂಟೆಯೊಳಗೆ ಮುಗಿಸಲು ಕಾರ್ಬನ್ ಪ್ಲೇಟ್ ಶೂ (ಅಟ್ಟೆಯೊಳಗೆ ಗಟ್ಟಿ ಕಾರ್ಬನ್ ಹಾಳೆಯಿರುವ, ವೇಗದ ಓಟಕ್ಕೆಂದೇ ಮಾಡಿದ ಶೂ) ಬೇಕೇ ಎಂದು ಉಡುಪಿಯಿಂದ ಕೇಳಿದ್ದೀರಿ. ನಾನು ಮಂಗಳೂರಿನ ಬಿಜೈಯವನು. 2018ರಲ್ಲಿ ನನ್ನ ಡೈರಿಯಲ್ಲಿಯೂ ಹೆಚ್ಚುಕಡಿಮೆ ಇದೇ ಅಂಕಿಗಳಿದ್ದವು. ಆ ಡೈರಿ ಈಗಲೂ ನನ್ನ ಬಳಿ ಇದೆ; ನಿಮ್ಮ ಪ್ರಶ್ನೆ ಓದಿದ ಮೇಲೆ ಅದನ್ನು ತೆಗೆದು ನೋಡಿದೆ.

4 ಗಂಟೆಯಲ್ಲಿ 42.195 ಕಿಲೋಮೀಟರ್ ಎಂದರೆ ಒಂದು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ನಾನು ಮಾಡಿದ ತಪ್ಪು ಒಂದೇ: ಪ್ರತಿ ಭಾನುವಾರದ ಲಾಂಗ್ ರನ್ (ವಾರದ ಅತಿ ಉದ್ದದ ಓಟ) ಅನ್ನೂ ಅದೇ ವೇಗದಲ್ಲಿ ಓಡಿದೆ. ಓಟದ ದಿನ ಓಡಬೇಕಾದ ವೇಗವನ್ನು ಕಾಲಿಗೆ ಈಗಲೇ ರೂಢಿ ಮಾಡಿಸಬೇಕು ಎಂದು ಗಾಢವಾಗಿ ನಂಬಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಲೇಡಿಹಿಲ್, ಕೊಟ್ಟಾರ ಚೌಕಿ, ಕೂಳೂರು ಸೇತುವೆ, ಪಣಂಬೂರು ದಾಟಿ ಸುರತ್ಕಲ್ ಕಡೆಗೆ ಹೋಗಿ ವಾಪಸು ಬರುತ್ತಿದ್ದೆ. ಬಂದರಿನ ಲಾರಿಗಳ ದೀಪ ಕಣ್ಣಿಗೆ ಹೊಡೆಯುತ್ತಿದ್ದರೂ ನೋಟವೆಲ್ಲ ಕೈಗಡಿಯಾರದ ಮೇಲೆಯೇ. 5:50 ಎಂದು ತೋರಿಸಿದರೆ ಹಲ್ಲು ಕಚ್ಚಿ ವೇಗ ಹೆಚ್ಚಿಸುತ್ತಿದ್ದೆ.

ಇದು ಏಕೆ ತಪ್ಪು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನಗೆ ಆಗ ಯಾರೂ ಹೇಳಲಿಲ್ಲ. ಬೆವರು ಸುರಿದರೆ ದೇಹ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ಅಷ್ಟು ತೇವವಿರುವುದರಿಂದ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಬಿಸಿ ಒಳಗೇ ಉಳಿಯುತ್ತದೆ. ಚರ್ಮಕ್ಕೂ ರಕ್ತ ಕಳುಹಿಸಬೇಕು, ಕಾಲಿಗೂ ಕಳುಹಿಸಬೇಕು ಎಂದು ಹೃದಯ ಇನ್ನಷ್ಟು ಜೋರಾಗಿ ಬಡಿದುಕೊಳ್ಳುತ್ತದೆ. ಒಣ ತಂಪಿರುವ ಊರಿನಲ್ಲಿ ಸುಲಭವೆನಿಸುವ ವೇಗವೇ ಇಲ್ಲಿನ ಸೆಕೆಯಲ್ಲಿ ಸ್ಪರ್ಧೆಯಷ್ಟು ದುಡಿಮೆಯಾಗುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ನನ್ನ ತರಬೇತಿ ಪಟ್ಟಿ ಯಾವುದೋ ಚಳಿ ದೇಶದ್ದು. ಅದರಲ್ಲಿದ್ದ ದೂರವನ್ನು ಅನುಸರಿಸಿದೆ. ವೇಗವನ್ನು ನಾನೇ ಸೇರಿಸಿಕೊಂಡೆ.

ಇನ್ನೊಂದು ಸಂಗತಿ ಮೂಳೆಯದು. ಉಸಿರು ಮತ್ತು ಹೃದಯ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ ಹಾಗಲ್ಲ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಕರಗಿಸುತ್ತದೆ, ನಂತರ ನಿಧಾನವಾಗಿ ಹೊಸದನ್ನು ಕಟ್ಟುತ್ತದೆ. ಆ ನಡುವಿನ ಅವಧಿಯಲ್ಲಿ ಅದು ದುರ್ಬಲವಾಗಿರುತ್ತದೆ. ಇನ್ನೂ ಓಡಬಲ್ಲೆ ಎಂದು ಎದೆ ಹೇಳುತ್ತಿರುವಾಗಲೇ ಕಾಲಿನ ಮೂಳೆ ಸೋಲುತ್ತಿರುತ್ತದೆ. ಡಿಸೆಂಬರ್‌ನಲ್ಲಿ ಎಡಗಾಲಿನ ಮೊಣಕಾಲ ಕೆಳಗೆ, ಮೂಳೆಯ ಮೇಲೆ, ಒಂದು ಬೆರಳು ಇಡುವಷ್ಟು ಜಾಗದಲ್ಲಿ ನೋವು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕಾಣದ್ದರಿಂದ ಏನೂ ಆಗಿಲ್ಲ ಎಂದುಕೊಂಡೆ. ಅತಿ ಭಾರದಿಂದ ಮೂಳೆಯಲ್ಲಿ ಬೀಳುವ ಸಣ್ಣ ಬಿರುಕು ಆರಂಭದಲ್ಲಿ ಎಕ್ಸ್‌ರೇಗೆ ಸಿಗದೇ ಇರಬಹುದು ಎಂಬುದು ಗೊತ್ತಾದದ್ದು ಆಮೇಲೆ.

2019ರ ಜನವರಿಯಲ್ಲಿ ಮುಂಬೈಯಲ್ಲಿ ಹಾಫ್ ದೂರವನ್ನು ಅಂದುಕೊಂಡ ಹೊತ್ತಿಗೇ ದಾಟಿದೆ. 28ನೇ ಕಿಲೋಮೀಟರಿನಲ್ಲಿ ಕಾಲು ಊರಲು ಆಗಲಿಲ್ಲ. ಫುಟ್‌ಪಾತ್ ಮೇಲೆ ಕುಳಿತೆ. ಯಾವುದೋ ಮನೆಯ ಅಜ್ಜಿಯೊಬ್ಬರು ಬಿಡಿಸಿದ ಕಿತ್ತಳೆಯನ್ನು ಕೈಗಿಟ್ಟು ತಲೆ ಸವರಿದರು; ಆಗ ಅತ್ತೆ. ಊರಿಗೆ ಬಂದು ಎಂಆರ್‌ಐ ಮಾಡಿಸಿದಾಗ ಬಿರುಕು ಸ್ಪಷ್ಟವಾಗಿ ಕಂಡಿತು. ಎರಡು ತಿಂಗಳು ಓಟವಿಲ್ಲ.

ಮತ್ತೆ ಶುರು ಮಾಡಿದ್ದು ಮಂಗಳಾ ಕ್ರೀಡಾಂಗಣದಲ್ಲಿ. ಅಲ್ಲಿ ದಿನವೂ ನಡೆಯಲು ಬರುತ್ತಿದ್ದ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಒಂದು ವಾರ ನನ್ನನ್ನು ನೋಡಿ, ಪಕ್ಕಕ್ಕೆ ಬಂದು ತುಳುವಿನಲ್ಲಿ ಒಂದೇ ಮಾತು ಹೇಳಿದರು: “ಮೆಲ್ಲ.” ಓಡುತ್ತಲೇ ನನ್ನೊಂದಿಗೆ ಪೂರ್ತಿ ವಾಕ್ಯ ಮಾತನಾಡಿ, ಆಗದಿದ್ದರೆ ನಡೆಯಿರಿ ಎಂದರು. “ಆಯಿತು ಮಾಸ್ಟ್ರೇ” ಎನ್ನುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು. ಆ ವರ್ಷ ಭಾನುವಾರಗಳಲ್ಲಿ ಕಿಲೋಮೀಟರಿಗೆ 7 ನಿಮಿಷದ ಮೇಲೆಯೇ ಓಡಿದೆ, ಕದ್ರಿ ಏರಿನಲ್ಲಿ ನಡೆದೆ. ವೇಗದ ಓಟ ವಾರಕ್ಕೆ ಒಂದು ದಿನ, ಅದೂ ಕಡಿಮೆ ದೂರ. ಮನೆಗೆ ಬಂದ ಮೇಲೆ ಉಪ್ಪಿನಕಾಯಿಯೊಂದಿಗೆ ಕುಚ್ಚಲಕ್ಕಿ ಗಂಜಿ. ಅಷ್ಟು ಬೆವರಿದ ದೇಹಕ್ಕೆ ಬರೀ ನೀರು ಸಾಲದು, ಉಪ್ಪೂ ಬೇಕು. 2020ರ ಜನವರಿಯಲ್ಲಿ ಮುಂಬೈಯ ಪೆಡ್ಡರ್ ರಸ್ತೆಯ ಏರನ್ನು ನಡೆದೇ ಹತ್ತಿ, 4 ಗಂಟೆ 27 ನಿಮಿಷಕ್ಕೆ ಮುಗಿಸಿದೆ. ಕಾಲು ನೋಯುತ್ತಿತ್ತು, ಮೂಳೆ ನೋಯುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಹಾಫ್ ಸಮಯದ ಎರಡು ಪಟ್ಟು 4 ಗಂಟೆ 10 ನಿಮಿಷ; ಮೊದಲ ಫುಲ್‌ನಲ್ಲಿ ಅದರ ಮೇಲೆ ಇನ್ನೂ ಹದಿನೈದು ಇಪ್ಪತ್ತು ನಿಮಿಷ ಸೇರುವುದು ಸಾಮಾನ್ಯ. ನಾಲ್ಕು ತಿಂಗಳಲ್ಲಿ ಈ ಅಂತರವನ್ನು ಶೂ ತುಂಬಿಸುವುದಿಲ್ಲ. ಬರಿಗಾಲಿನಲ್ಲಿ ಓಡುವುದಕ್ಕೆ ಹೆಸರಾಗಿದ್ದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮುಗಿಸಿದರು. ನಾಲ್ಕು ದಶಕ ಕಳೆದರೂ ಆ ಭಾರತೀಯ ದಾಖಲೆ ಅಲುಗಲಿಲ್ಲ. 4 ಗಂಟೆಯ ಗುರಿಯನ್ನು ಈ ಸಲ ಡೈರಿಯಿಂದ ಅಳಿಸಿಬಿಡಿ. ಮಣಿಪಾಲದ ಏರಿಳಿತದಲ್ಲಿ ಲಾಂಗ್ ರನ್ ಬೇಡ. ಮಲ್ಪೆಯ ಮರಳಿನಲ್ಲಿಯೂ ಬೇಡ, ಅಲ್ಲಿ ನೆಲ ಕಡಲಿನತ್ತ ವಾಲಿರುವುದರಿಂದ ಒಂದೇ ಕಾಲಿಗೆ ಭಾರ ಬೀಳುತ್ತದೆ.

ಶೂಗೆ ಇಟ್ಟ ಹಣದಲ್ಲಿ ಸಾಮಾನ್ಯವಾದ ಎರಡು ಜೊತೆ ಕೊಳ್ಳಿ, ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಟ್ಟು. ನಮ್ಮ ಮಳೆಯಲ್ಲಿ ನೆನೆದ ಜೊತೆ ಮರುದಿನ ಬೆಳಿಗ್ಗೆಗೆ ಒಣಗುವುದಿಲ್ಲ.