ಮರವನ್ನು ಅಪ್ಪಿಕೊಂಡವರು ಅಡಿಕೆ ತೋಟದವರೇ ಏಕೆ?

ಪ್ರಶ್ನೆ: ಅಪ್ಪಿಕೋ ಚಳವಳಿಯು ಹಿಮಾಲಯದ ಚಿಪ್ಕೋ ಚಳವಳಿಯ ಕನ್ನಡ ರೂಪ ಮಾತ್ರ ಎಂದು ಹಲವರು ಹೇಳುತ್ತಾರೆ. ಇದು ಸರಿಯೇ?
– ವಿದ್ಯಾರ್ಥಿನಿ, ಸಾಗರ

ಉತ್ತರ: ಹೆಸರೂ ಹೋರಾಟದ ವಿಧಾನವೂ ಚಿಪ್ಕೋ ಹುಟ್ಟಿದ ಹಿಮಾಲಯದ ಗಢವಾಲದಿಂದ ಬಂದವು, ನಿಜ. 1974ರಲ್ಲಿ ರೇಣಿ ಗ್ರಾಮದ ಗೌರಾದೇವಿ ಮತ್ತು ಅವರ ಸಂಗಾತಿ ಮಹಿಳೆಯರು ಕೊಡಲಿಗೆ ಅಡ್ಡ ನಿಂತ ಸುದ್ದಿ ದೇಶವನ್ನೆಲ್ಲ ತಲುಪಿತ್ತು. ಚಿಪ್ಕೋದ ಮುಂದಾಳು ಸುಂದರಲಾಲ್ ಬಹುಗುಣ ಅವರು ಮಲೆನಾಡಿಗೆ ಬಂದು ಮಾತನಾಡಿದ್ದರು. ಅವರೊಡನೆ ಒಡನಾಡಿದ ಪಾಂಡುರಂಗ ಹೆಗಡೆಯವರು ಇಲ್ಲಿ ಚಳವಳಿಯನ್ನು ಮುನ್ನಡೆಸಿದರು. ಆದರೆ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮಳೆಗಾಲದ ಕಾಡಿನಲ್ಲಿ ನಡೆದು ಕಳಾಸೆಯ ಮರಗಳನ್ನು ತಬ್ಬಿಕೊಂಡದ್ದು ಭಾಷಣ ಕೇಳಿದ ಉತ್ಸಾಹದಿಂದ ಮಾತ್ರವಲ್ಲ. ಸಂಕಟ ಅವರದೇ ಆಗಿತ್ತು.

ಅಡಿಕೆ ತೋಟದ ಬದುಕನ್ನು ಹತ್ತಿರದಿಂದ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಟ್ಟದಿಂದ ಹೊತ್ತು ತಂದ ಸೊಪ್ಪು ಮತ್ತು ದರಕು (ಒಣ ತರಗೆಲೆ) ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿ ಗಂಜಲದೊಡನೆ ಕೊಳೆತು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ತೋಟಕ್ಕೂ ಮನೆಗೂ ಬೇಕಾದ ಅಬ್ಬಿಯ (ಬೆಟ್ಟದ ತೊರೆಯ) ನೀರು ಅದೇ ಬೆಟ್ಟದ ನೆತ್ತಿಯ ಕಾಡಿನಿಂದ ಇಳಿಯುತ್ತದೆ. ಪ್ಲೈವುಡ್ ಕಾರ್ಖಾನೆಗಳಿಗಾಗಿ ದೊಡ್ಡ ಮರಗಳು ಉರುಳತೊಡಗಿದಾಗ, ಸಹಜ ಕಾಡಿದ್ದ ಕಡೆ ಸಾಗುವಾನಿಯ ನೆಡುತೋಪುಗಳು ಎದ್ದಾಗ, ಈ ಸರಪಳಿಯೇ ಕಡಿಯಿತು. ಆಯ್ದ ಮರಗಳನ್ನಷ್ಟೇ ಕಡಿಯುತ್ತೇವೆ ಎಂಬುದು ಅಧಿಕಾರಿಗಳ ವಾದವಾಗಿತ್ತು. ಆದರೆ ಒಂದು ಹೆಮ್ಮರ ಬೀಳುವಾಗ ಬಳ್ಳಿಗಳ ಹೆಣಿಗೆಯನ್ನೂ ಸುತ್ತಲಿನ ಎಳೆಯ ಗಿಡಗಳನ್ನೂ ಎಳೆದುಕೊಂಡೇ ಬೀಳುತ್ತದೆಂಬುದನ್ನು ಊರವರು ಕಣ್ಣಾರೆ ಕಂಡಿದ್ದರು. ಮೂವತ್ತೆಂಟು ದಿನಗಳ ಕಾಲ ಅವರು ಪಟ್ಟು ಸಡಿಲಿಸಲಿಲ್ಲ. ಕೊನೆಗೆ ಅಲ್ಲಿ ಕಡಿತ ನಿಂತಿತು. ಮುಂದೆ ಸಿದ್ದಾಪುರದ ಕಡೆಯ ಹಳ್ಳಿಗಳೂ ಇದೇ ದಾರಿ ಹಿಡಿದವು.

ಇದಕ್ಕೂ ಮೊದಲೇ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿ ಈ ಭಾಗದ ಕೃಷಿಕರು ಸಂಘಟಿತರಾಗಿದ್ದರು ಎಂಬುದನ್ನೂ ನೆನಪಿಡಬೇಕು. ಬೀಜ ಹೊರಗಿನಿಂದ ಬಂದಿರಬಹುದು, ನೆಲ ಆಗಲೇ ಹದವಾಗಿತ್ತು ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ‘ಉಳಿಸು, ಬೆಳೆಸು, ಬಳಸು’ ಎಂಬ ಅಪ್ಪಿಕೋ ಘೋಷಣೆಯಲ್ಲಿ ಕೊನೆಯ ಪದ ಮೊದಲಿನದಕ್ಕೆ ವಿರುದ್ಧವಲ್ಲವೇ?
– ಓದುಗರು, ಹಾವೇರಿ

ಉತ್ತರ: ವಿರುದ್ಧವಲ್ಲ. ಕಾಡನ್ನು ಬಳಸದೆ ಬದುಕಲಾಗದವರು ಕಟ್ಟಿದ ಘೋಷಣೆ ಅದು, ಹಾಗಾಗಿಯೇ ಪ್ರಾಮಾಣಿಕವಾದುದು. ಬೇಲಿ ಹಾಕಿ ಜನರನ್ನು ಹೊರಗಿಡುವ ಸಂರಕ್ಷಣೆ ಅವರ ಕಲ್ಪನೆಯಲ್ಲಿರಲಿಲ್ಲ. ಹಾಗೆಂದು ಬಳಕೆದಾರರೆಲ್ಲ ನಿರ್ದೋಷಿಗಳೂ ಅಲ್ಲ; ಅತಿಯಾಗಿ ಸೊಪ್ಪು ಸವರಿದ್ದರಿಂದ ಬೋಳಾದ ಬೆಟ್ಟಗಳು ಮಲೆನಾಡಿನಲ್ಲಿ ಇಂದಿಗೂ ಕಾಣುತ್ತವೆ. ಬಳಸುವುದೆಂದರೆ ಏನೆಂದು ತಿಳಿಯಬೇಕಾದರೆ ಹದವರಿತು ಸೊಪ್ಪು ಕಡಿಯುವ ಕೈಯನ್ನು ನೋಡಬೇಕು: ಅದು ಪಕ್ಕದ ಟೊಂಗೆಗಳನ್ನಷ್ಟೇ ಸವರಿ, ಮರ ಮತ್ತೆ ಚಿಗುರಲೆಂದು ತುದಿಯ ಹಸಿರನ್ನು ಹಾಗೆಯೇ ಬಿಟ್ಟು ಕೆಳಗಿಳಿಯುತ್ತದೆ.