ಅಚ್ಚು ನಿಂತ ಮೇಲೆ ಅರ್ಧ ದೋಣಿ ಆದಂತೆ: ಕನೂ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಕೈಯಾರೆ ಮರದ ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಹಗುರ ದೋಣಿ, ಕಟ್ಟುವ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ. ಅಷ್ಟು ಹೇಳದೆ ಬಿಟ್ಟರೆ ನಿಮ್ಮ ಮರವೂ ಶ್ರಮವೂ ಹಾಳಾದೀತು ಎಂಬ ಕಾಳಜಿಯೇ ಅದಕ್ಕೆ ಕಾರಣ.

ಪ್ರಶ್ನೆ: ಮೇಜು, ಕಪಾಟು, ಮಂಚ ಮಾಡಿ ಅಭ್ಯಾಸವಿದೆ. ದೋಣಿಯ ಕೆಲಸ ಮಾತ್ರ ಕಂಡೇ ಇಲ್ಲ. ನನ್ನಿಂದ ಕನೂ ಕಟ್ಟಲು ಆದೀತೇ? ಯಾವ ವಿಧಾನ ಹಿಡಿಯಲಿ?

ಖಂಡಿತ ಆಗುತ್ತದೆ. ಕಪಾಟು ಮಾಡಿದ ಕೈಗೆ ಅಳತೆ ಗೊತ್ತು, ಉಳಿ ಮಸೆಯುವುದು ಗೊತ್ತು, ಅಂಟು ಎಷ್ಟು ಹಚ್ಚಬೇಕೆಂದು ಗೊತ್ತು. ಹೊಸದಾಗಿ ಕಲಿಯಬೇಕಾದದ್ದು ಒಂದೇ, ಮೂಲೆಮಟ್ಟದ ಸಹಾಯವಿಲ್ಲದೆ ಕೆಲಸ ಮಾಡುವುದು. ದೋಣಿಯ ಹೊಟ್ಟೆಯಲ್ಲಿ ಎಲ್ಲಿ ಹುಡುಕಿದರೂ ಒಂದು ನೇರ ಮೂಲೆ ಸಿಗುವುದಿಲ್ಲ. ಅಲ್ಲಿ ಕಣ್ಣು ಮತ್ತು ಅಂಗೈ ಹೇಳಿದ್ದೇ ಅಳತೆ.

ವಿಧಾನಗಳು ಹಲವು. ಎಲ್ಲಕ್ಕಿಂತ ಹಳೆಯದು ಒಂದೇ ದಿಮ್ಮಿಯನ್ನು ಕೊರೆಯುವುದು. ನೆದರ್ಲೆಂಡ್ಸ್‌ನ ಪೆಸ್ಸೆ ಎಂಬ ಊರಿನ ಹತ್ತಿರ 1955ರಲ್ಲಿ ಹೆದ್ದಾರಿ ಕೆಲಸದ ವೇಳೆ ಸಿಕ್ಕ ಕನೂ ಹಾಗೆ ಪೈನ್ ಮರದ ಕಾಂಡವನ್ನು ಕೊರೆದು ಮಾಡಿದ್ದು. ಉದ್ದ ಮೂರು ಮೀಟರಿಗೆ ತುಸು ಕಡಿಮೆ, ವಯಸ್ಸು ಸುಮಾರು 10,000 ವರ್ಷ. ಆದರೆ ಅಂಥ ದಿಮ್ಮಿ ಸಿಗುವುದು ಕಷ್ಟ, ಸಿಕ್ಕರೂ ಒಣಗುವಾಗ ಸೀಳುತ್ತದೆ. ಮನೆಯ ಕಾರ್ಯಾಗಾರಕ್ಕೆ ಹೊಂದುವುದು ಎರಡು ದಾರಿ. ಮೊದಲನೆಯದರಲ್ಲಿ 4 ಮಿ.ಮೀ. ಮೆರೈನ್ ಪ್ಲೈವುಡ್ ಹಾಳೆಗಳನ್ನು ಕತ್ತರಿಸಿ, ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಎಪಾಕ್ಸಿ (ಗಟ್ಟಿಕಾರಕ ಬೆರೆಸಿದಾಗ ಕಲ್ಲಿನಂತಾಗುವ ಅಂಟು) ತುಂಬುತ್ತಾರೆ. ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹೋಲ್ಟ್ ಸೇರಿ ರೂಪಿಸಿದ, 1962ರಲ್ಲಿ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿ ಈ ಹೊಲಿಗೆಯ ವಿಧಾನವನ್ನು ಸಾವಿರಾರು ಮನೆಗಳಿಗೆ ಮುಟ್ಟಿಸಿತು. ಬೇಗ ನೀರಿಗಿಳಿಯುವ ಆಸೆಯಿದ್ದರೆ ಇದನ್ನೇ ಮಾಡಿ.

ಎರಡನೆಯದು ಪಟ್ಟಿ ಜೋಡಿಸುವುದು. ಸುಮಾರು 6 ಮಿ.ಮೀ. ದಪ್ಪ, 19 ಮಿ.ಮೀ. ಅಗಲದ ಮರದ ಪಟ್ಟಿಗಳನ್ನು ಅಚ್ಚುಗಳ ಮೇಲೆ (ದೋಣಿಯ ಅಡ್ಡಸೀಳಿನ ಆಕಾರಕ್ಕೆ ಕತ್ತರಿಸಿ ಸಾಲಾಗಿ ನಿಲ್ಲಿಸಿದ ಪ್ಲೈವುಡ್ ತುಂಡುಗಳು) ಒಂದರ ಪಕ್ಕ ಒಂದು ಅಂಟಿಸಿ, ಒಳಗೂ ಹೊರಗೂ ಫೈಬರ್‌ಗ್ಲಾಸ್ ಬಟ್ಟೆ ಹೊದಿಸುವುದು. ನಿಧಾನದ ಕೆಲಸ. ಆದರೆ ತೋಪಡ ಹೊಡೆಯುವುದರಲ್ಲಿ ಸುಖ ಕಾಣುವವರು ನೀವಾದರೆ ನನ್ನ ಮತ ಇದಕ್ಕೇ. ಮುಂದಿನ ಉತ್ತರಗಳು ಹೆಚ್ಚಾಗಿ ಈ ವಿಧಾನದ ಬಗ್ಗೆಯೇ ಇವೆ.

ಮರ ತರುವ ಮೊದಲು ಜಾಗ ಅಳೆಯಿರಿ. 16 ಅಡಿಯ ದೋಣಿಯ ಸುತ್ತ ಎಲ್ಲ ಕಡೆಯಿಂದಲೂ ಬಗ್ಗಿ ಕೆಲಸ ಮಾಡುವಂತಿರಬೇಕು. ಮುಗಿದ ದೋಣಿ ಆ ಬಾಗಿಲಿನಿಂದ, ಆ ತಿರುವಿನಿಂದ ಹೊರಗೆ ಬರುತ್ತದೆಯೇ ಎಂಬುದನ್ನೂ ಈಗಲೇ ನೋಡಿ.

ಪ್ರಶ್ನೆ: ಅಚ್ಚುಗಳನ್ನು ನಿಲ್ಲಿಸಿ ಹತ್ತು ಹನ್ನೆರಡು ಪಟ್ಟಿ ಅಂಟಿಸಿದ್ದೇನೆ. ಒಂದು ಕಡೆ ಸಣ್ಣ ತಗ್ಗು ಕಾಣುತ್ತಿದೆ. ಕೊನೆಗೆ ಉಜ್ಜಿ ಸರಿಮಾಡಬಹುದಲ್ಲವೇ?

ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ತಗ್ಗನ್ನು ಉಜ್ಜಿ ಏರಿಸಲು ಆಗುವುದಿಲ್ಲ. ಅದರ ಸುತ್ತಲಿನದನ್ನೆಲ್ಲ ಉಜ್ಜಿ ಇಳಿಸಬೇಕಾಗುತ್ತದೆ. ನಿಮ್ಮ ಕೈಯಲ್ಲಿರುವುದು 6 ಮಿ.ಮೀ. ಮರ. ಅದರಲ್ಲಿ 2 ಮಿ.ಮೀ. ಹೋದರೆ ಮೂರರಲ್ಲೊಂದು ಪಾಲು ಹೋಯಿತು. ಮೊದಲೇ ಉತ್ತರಕ್ಕಾಗಿ ಬರೆದದ್ದು ಒಳ್ಳೆಯದಾಯಿತು.

ಕಟ್ಟುವವರು ಸಾಮಾನ್ಯವಾಗಿ ಅಚ್ಚಿನ ಕೆಲಸವನ್ನು ಬೇಗ ಮುಗಿಸಲು ನೋಡುತ್ತಾರೆ. ದೋಣಿ ಕಳಚಿದ ಮೇಲೆ ಮೂಲೆಗೆ ಸೇರುವ ಪ್ಲೈವುಡ್ ತುಂಡುಗಳಿಗೆ ಇಷ್ಟು ಶ್ರಮವೇಕೆ ಎಂದು ಅನ್ನಿಸುವುದು ಸಹಜ. ನಾನು ಮಾತ್ರ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದ ಹಂತ ಇದೇ ಎನ್ನುತ್ತೇನೆ. ಅಚ್ಚಿನ ಮೇಲಿದ್ದದ್ದೆಲ್ಲ ಹೊಟ್ಟೆಯ ಮೇಲೆ ಬರುತ್ತದೆ, ವಾರ್ನಿಷ್ ಹೊಳಪು ಅದನ್ನು ಇನ್ನೂ ಎತ್ತಿ ತೋರಿಸುತ್ತದೆ.

ಹೀಗೆ ಪರೀಕ್ಷಿಸಿ. ಮೊದಲು ಪೀಠ. ಅಚ್ಚುಗಳನ್ನು ಹೊತ್ತ ಉದ್ದನೆಯ ಪೆಟ್ಟಿಗೆಯಂಥ ಪೀಠ ತಿರುಚಿಕೊಂಡಿದ್ದರೆ ಮೇಲಿನ ಯಾವ ಅಳತೆಗೂ ಅರ್ಥವಿಲ್ಲ. ಎರಡು ತುದಿಗಳಲ್ಲಿ ಒಂದೊಂದು ನೇರ ಪಟ್ಟಿ ಅಡ್ಡ ಇಟ್ಟು, ಒಂದರ ಮೇಲಿನಿಂದ ಇನ್ನೊಂದನ್ನು ನೋಡಿ. ಎರಡೂ ಸಮಾಂತರವಾಗಿ ಕಂಡರೆ ಪೀಠ ಸರಿ. ಆಮೇಲೆ ನಡುವಿನ ಉದ್ದಕ್ಕೂ ಬಿಗಿಯಾಗಿ ದಾರ ಕಟ್ಟಿ, ಪ್ರತಿ ಅಚ್ಚಿನ ನಡುಗೆರೆ ದಾರದ ನೇರಕ್ಕೆ ಇದೆಯೇ ನೋಡಿ.

ಇನ್ನು ಬಹಳ ಮಂದಿಗೆ ತಪ್ಪಿಹೋಗುವ ವಿಷಯ. ಅಚ್ಚುಗಳು ಸಾಮಾನ್ಯವಾಗಿ 12 ಇಂಚಿಗೊಂದರಂತೆ ನಿಲ್ಲುತ್ತವೆ. ನಕ್ಷೆಯಲ್ಲಿರುವುದು ದಪ್ಪವೇ ಇಲ್ಲದ ಗೆರೆ, ನಿಮ್ಮ ಪ್ಲೈವುಡ್ಡಿಗೆ ದಪ್ಪವಿದೆ. ಆ ದಪ್ಪ ಗೆರೆಯ ಯಾವ ಕಡೆ ಬರಬೇಕು? ದೋಣಿಯ ನಡುವಿನ ಕಡೆಗೆ. ದೋಣಿ ನಡುವಿನಿಂದ ತುದಿಗೆ ಕಿರಿದಾಗುತ್ತ ಹೋಗುತ್ತದೆ. ದಪ್ಪವನ್ನು ತುದಿಯ ಕಡೆ ಇಟ್ಟರೆ ಅಚ್ಚಿನ ಆ ಅಂಚು ಉಬ್ಬಿ ಪಟ್ಟಿಯನ್ನು ಹೊರಗೆ ತಳ್ಳುತ್ತದೆ. ನಡುವಿನ ಕಡೆ ಇಟ್ಟರೆ ಪಟ್ಟಿ ಸರಿಯಾಗಿ ಗೆರೆಯ ಅಂಚನ್ನಷ್ಟೇ ಮುಟ್ಟುತ್ತದೆ. ನಟ್ಟನಡುವಿನ ಒಂದು ಅಚ್ಚನ್ನು ಮಾತ್ರ ಅದರ ದಪ್ಪದ ಮಧ್ಯ ಗೆರೆಯ ಮೇಲೆ ಬರುವಂತೆ ನಿಲ್ಲಿಸಿ. ನಿಮ್ಮ ತಗ್ಗಿನ ಅಕ್ಕಪಕ್ಕದ ಅಚ್ಚುಗಳನ್ನು ಮೊದಲು ಈ ದೃಷ್ಟಿಯಿಂದ ನೋಡಿ. ತಗ್ಗಿನ ಅಚ್ಚು ಚಿಕ್ಕದಾಗಿರುವುದಕ್ಕಿಂತ ಪಕ್ಕದ್ದು ಉಬ್ಬಿರುವ ಸಾಧ್ಯತೆಯೂ ಅಷ್ಟೇ ಇದೆ.

ಕೊನೆಯ ಪರೀಕ್ಷೆ ಕಣ್ಣಿನದು. ಗಂಟಿಲ್ಲದ, ಉದ್ದಕ್ಕೂ ಒಂದೇ ದಪ್ಪದ ತೆಳು ಪಟ್ಟಿಯನ್ನು ಅಚ್ಚುಗಳ ಮೇಲೆ ಒತ್ತಡ ಹಾಕದೆ ಮಲಗಿಸಿ. ಎಲ್ಲ ಅಚ್ಚುಗಳನ್ನೂ ತಾನಾಗಿ ಮುಟ್ಟಬೇಕು. ಒಂದು ಅಚ್ಚಿನ ಮೇಲೆ ಸಂದು ಬಿಟ್ಟರೆ ಅಲ್ಲಿ ತೆಳು ಮರದ ಚೂರು ಅಂಟಿಸಿ ಏರಿಸಿ, ಒಂದರ ಮೇಲೆ ಮಾತ್ರ ಕುಳಿತು ಪಕ್ಕದವನ್ನು ಬಿಟ್ಟರೆ ಆ ಅಚ್ಚನ್ನು ಕೊಂಚ ಹೆರೆಯಿರಿ. ಬಳಿಕ ತುದಿಗೆ ಹೋಗಿ, ಕುಕ್ಕರಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ಪಟ್ಟಿಯ ಉದ್ದಕ್ಕೂ ನೋಡಿ. ಟೇಪಿಗೆ ಸಿಗದ ಡೊಂಕು ಕಣ್ಣಿಗೆ ಕೂಡಲೇ ಸಿಗುತ್ತದೆ. ನಕ್ಷೆಯ ಅಂಕಿಗೂ ಕಣ್ಣಿಗೂ ಒಂದು ಮಿ.ಮೀ. ಜಗಳ ಬಂದರೆ ನಾನು ಕಣ್ಣಿನ ಮಾತನ್ನೇ ನಂಬುತ್ತೇನೆ.

ನೀವು ಅಂಟಿಸಿದ ಪಟ್ಟಿಗಳನ್ನು ಬಿಡಿಸಬೇಕಾದೀತು. ಹತ್ತು ಹನ್ನೆರಡು ಪಟ್ಟಿ ಹೋದರೂ ಹೋಗಲಿ, ಬಿಡಿಸಿ. ಮತ್ತೆ ಕೂರಿಸುವ ಮೊದಲು ಅಚ್ಚುಗಳ ಅಂಚಿಗೆ ಪ್ಯಾಕಿಂಗ್ ಟೇಪ್ ಸುತ್ತಿ, ಅಂಟು ಅಚ್ಚಿಗೆ ಹಿಡಿಯುವುದಿಲ್ಲ. ಪಟ್ಟಿಯ ಒಂದು ಅಂಚು ಉಬ್ಬು, ಇನ್ನೊಂದು ಅಂಚು ತೋಡು ಇರುವಂಥದ್ದಾದರೆ ತೋಡಿನ ಅಂಚು ಮೇಲ್ಮುಖವಾಗಿರಲಿ. ಅಂಟು ಅದರಲ್ಲಿ ನಿಲ್ಲುತ್ತದೆ.

ಪ್ರಶ್ನೆ: ತೇಗ ಬಾಳಿಕೆ ಬರುತ್ತದೆ ಎನ್ನುತ್ತಾರೆ. ಎಲ್ಲ ಪಟ್ಟಿಯನ್ನೂ ತೇಗದಲ್ಲೇ ಮಾಡಿದರೆ ಹೇಗೆ?

ಬೇಡ. ಲೆಕ್ಕ ಹಾಕಿ ನೋಡೋಣ. 16 ಅಡಿಯ ಕನೂವಿನ ಮೈ ಸುಮಾರು 5 ಚದರ ಮೀಟರ್. 6 ಮಿ.ಮೀ. ದಪ್ಪಕ್ಕೆ 0.03 ಘನ ಮೀಟರ್ ಮರ. ಕನೂವಿನ ಪಟ್ಟಿಗೆ ಬಳಸುವ ಹಗುರ ಮರ ವೆಸ್ಟರ್ನ್ ರೆಡ್ ಸೀಡರ್ ಘನ ಮೀಟರಿಗೆ 370 ಕೆ.ಜಿ. ಆಸುಪಾಸು, ಅಂದರೆ ಹೊಟ್ಟೆಗೆ 11 ಕೆ.ಜಿ. ತೇಗ 650ರ ಹತ್ತಿರ, ಅಂದರೆ ಸುಮಾರು 20 ಕೆ.ಜಿ. ಅಂಚುಪಟ್ಟಿ, ಆಸನ, ಎಪಾಕ್ಸಿ ಇನ್ನೂ ಸೇರಬೇಕು. ಆ ದೋಣಿಯನ್ನು ಹೆಗಲ ಮೇಲೆ ಹೊತ್ತು ನೀರಿಗೆ ಇಳಿಸುವವರು ನೀವೇ. ತೇಗದ ಎಣ್ಣೆಯಂಶ ಎಪಾಕ್ಸಿ ಹಿಡಿಯಲೂ ಅಡ್ಡಿ ಮಾಡುತ್ತದೆ. ಅಂಟಿಸುವ ಮುಂಚೆ ಅಸಿಟೋನಿನಿಂದ ಒರೆಸಿದರೆ ಎಷ್ಟೋ ವಾಸಿ, ಆದರೂ ಇಡೀ ಹೊಟ್ಟೆಗೆ ಆ ಉಸಾಬರಿ ಏಕೆ? ಹಗುರ, ನೇರ ಎಳೆಯ, ಗಂಟಿಲ್ಲದ ಮರ ಯಾವುದಾದರೂ ಆದೀತು. ಗಟ್ಟಿ ಮರವನ್ನು ಏಟು ಬೀಳುವ ಅಂಚುಪಟ್ಟಿಗೆ, ಮೂತಿಗೆ ಇಟ್ಟುಕೊಳ್ಳಿ.

ಹಗುರದ ಮಾತು ಬಂದಾಗ ನನಗೆ ನೆನಪಾಗುವುದು ಅಮೆರಿಕದ ದೋಣಿ ಕಟ್ಟುಗ ಜೆ. ಹೆನ್ರಿ ರಶ್ಟನ್. 1883ರಲ್ಲಿ ಆತ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬ ಸಣ್ಣ ಮೈಕಟ್ಟಿನ ಬರಹಗಾರನಿಗಾಗಿ ಕಟ್ಟಿಕೊಟ್ಟ 9 ಅಡಿಯ ಸೀಡರ್ ಕನೂವಿನ ತೂಕ ಹತ್ತೂವರೆ ಪೌಂಡು, ಅಂದರೆ 5 ಕೆ.ಜಿ.ಗೂ ಕಡಿಮೆ. ಎಪಾಕ್ಸಿಯೇ ಇಲ್ಲದ ಕಾಲದಲ್ಲಿ! ಸಿಯರ್ಸ್ ಅದರಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಸರೋವರಗಳನ್ನು ಸುತ್ತಿ ಬಂದ. ಅಷ್ಟು ತೆಳುವಾದ ಕೆಲಸ ಎಲ್ಲರಿಗೂ ಬೇಡ, ಆದರೆ ಪ್ರತಿ ತುಂಡನ್ನೂ ಕೂರಿಸುವ ಮೊದಲು ಕೈಯಲ್ಲಿ ತೂಗಿ ನೋಡುವ ಅಭ್ಯಾಸ ಎಲ್ಲರಿಗೂ ಬೇಕು.

ಪ್ರಶ್ನೆ: ಮೂತಿಯ ತುಂಡನ್ನು ಹಬೆಯಲ್ಲಿಟ್ಟು ಬಗ್ಗಿಸಿದರೆ ಹೊರಮೈ ಸೀಳುತ್ತದೆ. ಏಕೆ?

ಬಿಸಿ ಹಬೆಗೆ ಮರದ ಲಿಗ್ನಿನ್, ಅಂದರೆ ಎಳೆಗಳನ್ನು ಹಿಡಿದಿಡುವ ಅಂಶ, ಮೆತ್ತಗಾಗುತ್ತದೆ. ಆಗ ಮರ ಚೆನ್ನಾಗಿ ಕುಗ್ಗಬಲ್ಲದು, ಹಿಗ್ಗುವುದು ಮಾತ್ರ ಅಲ್ಪಸ್ವಲ್ಪ. ಬಗ್ಗಿಸಿದಾಗ ಹೊರಮೈ ಹಿಗ್ಗಬೇಕಾಗುತ್ತದೆ, ಆಗದೆ ಸೀಳುತ್ತದೆ. ಹೊರಮೈಗೆ ತೆಳುವಾದ ಲೋಹದ ಪಟ್ಟಿಯನ್ನು ಎರಡೂ ತುದಿ ಬಿಗಿಯಾಗುವಂತೆ ಕಟ್ಟಿ ಬಗ್ಗಿಸಿ. ದಪ್ಪ ಒಂದು ಇಂಚಿಗೆ ಒಂದು ಗಂಟೆ ಹಬೆ ಎಂಬುದು ರೂಢಿಯ ಲೆಕ್ಕ. ಹಬೆಪೆಟ್ಟಿಗೆಗೆ ಉಸಿರಾಡಲು ತೂತು ಇರಲೇಬೇಕು, ಪೂರ್ತಿ ಮುಚ್ಚಿದರೆ ಸಿಡಿಯುವ ಅಪಾಯ. ಕುಲುಮೆಯಲ್ಲಿ ಒಣಗಿಸಿದ ಮರಕ್ಕಿಂತ ಗಾಳಿಗೆ ಒಣಗಿದ್ದು ಚೆನ್ನಾಗಿ ಬಗ್ಗುತ್ತದೆ. ಇನ್ನೂ ಸುಲಭದ್ದು ಬೇಕೆಂದರೆ ಒಂದೇ ದಪ್ಪ ತುಂಡಿನ ಬದಲು ಮೂರು ತೆಳು ಪಟ್ಟಿಗಳನ್ನು ಬಗ್ಗಿಸಿ, ಒಣಗಿಸಿ, ಒಟ್ಟಿಗೆ ಅಂಟಿಸಿ.

ಪ್ರಶ್ನೆ: ಬೆಳಿಗ್ಗೆ ಬಟ್ಟೆ ಹೊದಿಸಿ ಎಪಾಕ್ಸಿ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಮೈತುಂಬ ಸಣ್ಣ ಗುಳ್ಳೆ. ಕೈ ಕೂಡ ತುರಿಸುತ್ತಿದೆ.

ಗುಳ್ಳೆಗೆ ಕಾರಣ ನೀವು ಆರಿಸಿದ ಹೊತ್ತು. ಮರದ ಸಣ್ಣ ರಂಧ್ರಗಳಲ್ಲಿ ಗಾಳಿ ಇರುತ್ತದೆ. ಬಿಸಿಲೇರಿದಂತೆ ಅದು ಹಿಗ್ಗಿ ಹೊರಗೆ ಬರುತ್ತದೆ, ಹಸಿ ಎಪಾಕ್ಸಿಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಸಂಜೆ, ಬಿಸಿ ಇಳಿಯುವ ಹೊತ್ತಿಗೆ ಹಚ್ಚಿದರೆ ಗಾಳಿ ಕುಗ್ಗುತ್ತ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೆ ನಿಂತ ಹೆಚ್ಚಿನದನ್ನು ಸ್ಕ್ವೀಜಿಯಿಂದ (ರಬ್ಬರ್ ಅಂಚಿನ ಒರಸುಪಟ್ಟಿ) ಎಳೆದು ತೆಗೆಯಿರಿ, ಬಟ್ಟೆ ತೇಲಬಾರದು. ಗಟ್ಟಿಕಾರಕವನ್ನು ತಯಾರಕರು ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಕೆಟ್ಟೇ ಹೋಗುತ್ತದೆ. ಕಲಸಿದ್ದನ್ನು ಆಳದ ಲೋಟದಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯಿರಿ, ಇಲ್ಲವಾದರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ. ಮುಂದಿನ ಲೇಪ ಹಿಂದಿನದಕ್ಕೆ ಉಗುರಿನ ಗುರುತು ಬೀಳುವಷ್ಟು ಮೆತ್ತಗಿರುವಾಗಲೇ ಬೀಳಲಿ. ಪೂರ್ತಿ ಗಟ್ಟಿಯಾಗಿದ್ದರೆ ಮೊದಲು ನೀರಿನಿಂದ ಚೆನ್ನಾಗಿ ತೊಳೆದು ಮೇಲಿನ ಜಿಡ್ಡು ತೆಗೆದು, ಬಳಿಕ ಉಜ್ಜಿ.

ತುರಿಕೆಯನ್ನು ಮಾತ್ರ ಲಘುವಾಗಿ ಕಾಣಬೇಡಿ. ಎಪಾಕ್ಸಿಗೆ ಮೈ ಒಮ್ಮೆ ಒಗ್ಗದಂತಾದರೆ ಮುಂದೆ ಸ್ವಲ್ಪ ತಾಗಿದರೂ ಏಳುತ್ತದೆ, ಜೀವನಪೂರ್ತಿ ಕಾಡಬಹುದು. ತುರಿಕೆ ಪೂರ್ತಿ ಹೋಗುವವರೆಗೆ ಕೆಲಸ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮತ್ತೆ ತೊಡಗುವಾಗ ನೈಟ್ರೈಲ್ ಕೈಗವಸು, ಉದ್ದ ತೋಳಿನ ಅಂಗಿ ಕಡ್ಡಾಯ. ಮೈಗೆ ತಾಗಿದ್ದನ್ನು ಥಿನ್ನರಿನಿಂದ ತೊಳೆಯಬೇಡಿ, ಅದು ಚರ್ಮದೊಳಕ್ಕೆ ಇಳಿಸುತ್ತದೆ. ಸೀಡರ್ ಪುಡಿ ಕೂಡ ಕೆಲವರಿಗೆ ಆಸ್ತಮಾ ತರುತ್ತದೆ. ಉಜ್ಜುವಾಗ ಸರಿಯಾದ ಮಾಸ್ಕ್ ಹಾಕಿ.

ಪ್ರಶ್ನೆ: ಫೈಬರ್‌ಗ್ಲಾಸ್ ಹೊದಿಸಿದ ಮೇಲೆ ಅದು ಮರದ ದೋಣಿ ಹೇಗಾಗುತ್ತದೆ?

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 6 ಮಿ.ಮೀ. ಪಟ್ಟಿಗಳು ಅಡ್ಡಕ್ಕೆ ಬಗ್ಗಿದರೆ ಎಳೆಯ ಉದ್ದಕ್ಕೆ ಸೀಳುತ್ತವೆ. ಎರಡೂ ಕಡೆಯ ಬಟ್ಟೆ ಆ ಎಳೆತವನ್ನು ಹೊರುತ್ತದೆ, ನಡುವಿನ ಮರ ಎರಡು ಪದರಗಳನ್ನು ದೂರ ಹಿಡಿದು ಬಿಗಿ ಕೊಡುತ್ತದೆ. ಒಂದಿಲ್ಲದೆ ಇನ್ನೊಂದು ಸೋಲುತ್ತದೆ. ಫೈಬರ್‌ಗ್ಲಾಸ್ ಬೇಡವೇ ಬೇಡ ಎಂದರೆ ಪಕ್ಕೆಲುಬು, ಹಲಗೆ, ಹಿತ್ತಾಳೆ ಮೊಳೆ, ಮೇಲೆ ಕ್ಯಾನ್ವಾಸ್ ಇರುವ ಹಳೆಯ ವಿಧಾನವಿದೆ. ಸುಂದರವಾದ ಕೆಲಸ. ಅದಕ್ಕೆ ಬಿಡಿ ಅಚ್ಚುಗಳು ಸಾಲವು. ಪಕ್ಕೆಲುಬು ಬರುವ ಜಾಗದಲ್ಲೆಲ್ಲ ಲೋಹದ ಪಟ್ಟಿ ಸುತ್ತಿದ ಇಡೀ ದೋಣಿಯಾಕಾರದ ಅಚ್ಚು ಬೇಕು, ಹೊಡೆದ ಮೊಳೆಯ ತುದಿ ಆ ಪಟ್ಟಿಗೆ ತಾಗಿ ಮಡಿಚಿಕೊಳ್ಳಲಿ ಎಂದು. ಒಂದೇ ಕನೂ ಕಟ್ಟುವವರಿಗೆ ಅಷ್ಟು ಸಿದ್ಧತೆ ಭಾರ.

ಪ್ರಶ್ನೆ: ಎಪಾಕ್ಸಿಯೇ ಹೊಳೆಯುತ್ತಿದೆ. ವಾರ್ನಿಷ್ ಬೇಕೇ?

ಬೇಕು. ಬಿಸಿಲಿನ ನೇರಳಾತೀತ ಕಿರಣ ಎಪಾಕ್ಸಿಯನ್ನು ಹಳದಿ ಮಾಡಿ, ಕ್ರಮೇಣ ಪುಡಿ ಮಾಡುತ್ತದೆ. ಆ ಕಿರಣ ತಡೆಯುವ ವಾರ್ನಿಷನ್ನೇ ಹಚ್ಚಿ, ಮಾಸಿದಾಗ ಮತ್ತೆ ಹಚ್ಚಿ.

ಪ್ರಶ್ನೆ: ಮಗ ಕಟ್ಟುತ್ತಿರುವ ಕನೂ ಮುಗಿಯುತ್ತ ಬಂದಿದೆ. ಮೊದಲ ಸಲ ನೀರಿಗೆ ಇಳಿಸುವಾಗ ಏನು ನೋಡಿಕೊಳ್ಳಬೇಕು? ನನಗೆ ಭಯ.

ಭಯ ಪಡಬೇಡಿ ಅಮ್ಮಾ, ಆದರೆ ಈ ಮಾತುಗಳನ್ನು ಮಗನಿಂದ ನಡೆಸಿಕೊಳ್ಳಿ. ಮರದ ದೋಣಿ ಮುಳುಗುವುದಿಲ್ಲ ಎಂಬ ಧೈರ್ಯ ಸಾಲದು. ನೀರು ತುಂಬಿದ ಕನೂ ತಾನು ತೇಲುತ್ತದೆ, ಜನರನ್ನು ಹೊರುವುದಿಲ್ಲ. ಎರಡು ತುದಿಗಳಲ್ಲೂ ಗಾಳಿಚೀಲ ಬಿಗಿಯಾಗಿ ಕಟ್ಟಿರಲಿ. ಮೊದಲ ದಿನ ನಿಂತ ನೀರು, ಎದೆಮಟ್ಟಕ್ಕಿಂತ ಆಳ ಬೇಡ, ಗಾಳಿ ಇರಬಾರದು, ದಡದಲ್ಲಿ ಈಜು ಬಲ್ಲವರು ಇನ್ನೊಬ್ಬರಿರಲಿ. ಲೈಫ್ ಜಾಕೆಟ್ಟನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದಲ್ಲ, ತೊಟ್ಟು ಗುಂಡಿ ಹಾಕಿಕೊಳ್ಳಬೇಕು. ಆಸನದ ಮೇಲೆ ಕೂರದೆ ಮೊದಲು ತಳದಲ್ಲಿ ಮಂಡಿಯೂರಿ ಕುಳಿತರೆ ತೂಕ ಕೆಳಗಿದ್ದು ದೋಣಿ ಅಷ್ಟಾಗಿ ಹೊರಳಾಡುವುದಿಲ್ಲ. ಹಾಗೆ ಕುಳಿತು ಎರಡೂ ಬದಿಗೆ ಮೆಲ್ಲಗೆ ವಾಲಿ ನೋಡಲಿ. ದೋಣಿ ಎಲ್ಲಿಯವರೆಗೆ ತಡೆಯುತ್ತದೆ ಎಂಬುದು ಆಗ ಅವನ ಸೊಂಟಕ್ಕೆ ಗೊತ್ತಾಗುತ್ತದೆ. ಬೇಕೆಂದೇ ಒಮ್ಮೆ ಮಗುಚಿ, ನೀರು ಚೆಲ್ಲಿ, ಮತ್ತೆ ಹತ್ತುವುದನ್ನೂ ಅದೇ ದಿನ ಅಭ್ಯಾಸ ಮಾಡಲಿ. ಹುಟ್ಟು ಹಾಕುವುದನ್ನು ಆಮೇಲೆ ಕಲಿತರಾಯಿತು.